ಮುಖ್ಯ ಅರ್ಜಿದಾರರು ಯಾರು

ಪರದೇಶಕ್ಕೆ ಬಂದ ಐದು ವರ್ಷವೂ ಮನೆಯ ಫಾರ್ಮುಗಳನ್ನೆಲ್ಲ ಅವನೇ ತುಂಬುತ್ತಿದ್ದ. ಲಿಫ್ಟ್ ಮೆಕ್ಯಾನಿಕ್ ಎಂದು ವೀಸಾ ಸಿಕ್ಕಿದ್ದು ಅವನಿಗೆ. ಅವನ ಹೆಸರಿನ ಕೆಳಗೆ, ಅವಲಂಬಿತರು ಎಂಬ ಕಾಲಮಿನಲ್ಲಿ, ಹೆಂಡತಿ. ಅವಳು ಎರಡನೇ ವರ್ಷದಿಂದ ಹಲ್ಲಿನ ಸೆಟ್ಟು ಮಾಡುವ ಲ್ಯಾಬಿಗೆ ಕೆಲಸಕ್ಕೆ ಹೋಗುತ್ತಿದ್ದರೂ ಉದ್ಯೋಗ ಎಂದಿದ್ದ ಕಡೆಯಲ್ಲೆಲ್ಲ ಅವನು ‘ಗೃಹಿಣಿ’ ಎಂದೇ ಬರೆದು ಕೈ ತೊಳೆದುಕೊಳ್ಳುತ್ತಿದ್ದ. ಅವಳೂ ಆ ಬಗ್ಗೆ ತಲೆ ಕೆಡಿಸಿಕೊಂಡವಳಲ್ಲ.

ಅವನ ಕಂಪನಿ ಬಾಗಿಲು ಹಾಕಿತು. ಅರವತ್ತು ದಿನದೊಳಗೆ ಬೇರೆ ಕೆಲಸ ಹಿಡಿಯಬೇಕು, ಇಲ್ಲವೆಂದರೆ ಇಬ್ಬರೂ ಗಂಟುಮೂಟೆ ಕಟ್ಟಬೇಕು. ನಲವತ್ತು ದಿನ ಅಲೆದ, ಎಲ್ಲೂ ಗಿಟ್ಟಲಿಲ್ಲ. ಆಗ ಲ್ಯಾಬಿನ ಯಜಮಾನಿ, ಕನ್ನಡಕವನ್ನು ಹಣೆಯ ಮೇಲೇ ಇಟ್ಟುಕೊಂಡು ಓಡಾಡುವ ಹೆಂಗಸು, ತಾನಾಗಿಯೇ ಹೆಂಡತಿಗೆ ಹೇಳಿದಳು: ನಿನ್ನ ಹೆಸರಿಗೇ ಕೆಲಸದ ವೀಸಾ ಮಾಡಿಸೋಣ, ನಾನು ಪತ್ರ ಕೊಡುತ್ತೇನೆ, ಗಂಡನನ್ನು ನಿನ್ನ ಕೆಳಗೆ ಸೇರಿಸಿಕೋ.

‘ಕೆಳಗೆ’ ಎಂದದ್ದು ಅವನಿಗೆ ಅನ್ನ ಇಳಿಯದಂತೆ ಮಾಡಿತು.

ಪತ್ರ ತರಲು ಇಬ್ಬರೂ ಲ್ಯಾಬಿಗೆ ಹೋದರು. ಇಷ್ಟು ವರ್ಷ ಅವನು ಒಳಗೆ ಕಾಲಿಟ್ಟಿರಲಿಲ್ಲ. ಹಲ್ಲು ತೊಳೆದಿಡುವ ಕೆಲಸವಿರಬೇಕು ಎಂದುಕೊಂಡಿದ್ದ. ಪತ್ರ ತಯಾರಾಗುವವರೆಗೆ ಅವಳು ಮೇಜಿನ ಮುಂದೆ ಕೂತು, ಚಿಕ್ಕ ಉರಿಯಲ್ಲಿ ಚಾಕು ಬಿಸಿ ಮಾಡಿ, ಮೇಣದ ಒಸಡಿನಲ್ಲಿ ಒಂದೊಂದೇ ಹಲ್ಲು ಕೂರಿಸುತ್ತಿದ್ದಳು. ಒಂದು ಹಲ್ಲನ್ನು ಕೂದಲೆಳೆಯಷ್ಟು ವಾರೆ ಮಾಡಿದಳು. ಸಾಲು ತೀರಾ ನೆಟ್ಟಗಿದ್ದರೆ ಸುಳ್ಳು ಹಲ್ಲೆಂದು ಗೊತ್ತಾಗುತ್ತದಂತೆ. ಇಬ್ಬರು ಕೆಲಸಗಾರರು ತಮ್ಮ ಸೆಟ್ಟು ಹಿಡಿದು, ಇದು ಸರಿಯೇ ಎಂದು ಅವಳನ್ನು ಕೇಳಲು ಕಾದು ನಿಂತಿದ್ದರು. ಅವನಿಗೆ ಯಾರೂ ಕೂರು ಎನ್ನಲಿಲ್ಲ. ಹೆಂಡತಿಯ ಮೇಲೆ ಅವನಿಗೆ ಹೊಟ್ಟೆಕಿಚ್ಚು ಹತ್ತಿಕೊಂಡದ್ದು ಅಲ್ಲೇ. ಪ್ರೀತಿ ಇರಲಿಲ್ಲವೆಂದಲ್ಲ, ಅದು ಇದ್ದಲ್ಲೇ ಇತ್ತು. ಇದು ಅದರ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಿತು.

ಸಾಲದ್ದಕ್ಕೆ ಅವಳ ತಮ್ಮನ ಫೋನು ಬೇರೆ. “ಏನ್ ಭಾವ, ಇನ್ಮೇಲೆ ಅಕ್ಕನ ಸೆರಗು ಹಿಡ್ಕೊಂಡು ಓಡಾಡ್ಬೇಕಂತೆ?” ಎಂದು ಹಲ್ಲು ಕಿಸಿದ. ಇವನೂ ನಕ್ಕ. ಎರಡು ದಿನ ಅವಳ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಫಾರ್ಮನ್ನು ಮಾತ್ರ ಅವಳ ಕೈಗೆ ಕೊಡಲಿಲ್ಲ.

“ರೀ, ತುಂಬಿದ್ದಾಯ್ತಾ?”

“ಆಗುತ್ತೆ ಬಿಡೆ. ಇದೆಲ್ಲ ನೋಡ್ಕೊಂಡು ಮಾಡ್ಬೇಕು. ನಿಂಗೇನ್ ಗೊತ್ತು ಇದ್ರ ತಲೆನೋವು.”

ಹೀಗೆ ಮುಂದೂಡುತ್ತ ಕೊನೆಯ ದಿನ ಬಂತು. ವೀಸಾ ಕಚೇರಿಯ ಕೌಂಟರಿನಲ್ಲಿ ಟೋಕನ್ ನಂಬರು ಮಿನುಗಿದ್ದೇ ಎಂದಿನಂತೆ ಅವನೇ ಎದ್ದು ಮುಂದೆ ಹೋದ, ಅವಳು ಹಿಂದೆ. ಗುಮಾಸ್ತೆ ಫಾರ್ಮು ನೋಡಿದಳು, ಯಜಮಾನಿಯ ಪತ್ರ ನೋಡಿದಳು, ಮತ್ತೆ ಫಾರ್ಮು ನೋಡಿದಳು. ಆಮೇಲೆ ಅದನ್ನು ತಿರುಗಿಸಿ ಅವರ ಮುಂದಿಟ್ಟಳು. ಮುಖ್ಯ ಅರ್ಜಿದಾರ: ಅವನು. ಕೆಲಸದ ಜಾಗ: ಹಲ್ಲಿನ ಲ್ಯಾಬು. ಕೆಳಗೆ ಅವಲಂಬಿತೆ ಹೆಂಡತಿ, ಗೃಹಿಣಿ. ಆ ಫಾರ್ಮಿನ ಪ್ರಕಾರ ಲಿಫ್ಟ್ ರಿಪೇರಿಯವನು ನಾಳೆಯಿಂದ ಹಲ್ಲು ಜೋಡಿಸುವವನಿದ್ದ. ಪತ್ರದಲ್ಲಿರುವವರೇ ಬರೆದು ತರಲಿ ಎಂದು ಗುಮಾಸ್ತೆ ಹೊಸ ಫಾರ್ಮು ಕೊಟ್ಟಳು, ಕೌಂಟರು ಮುಚ್ಚಲು ಅರ್ಧ ಗಂಟೆಯಿದೆ ಎಂದೂ ಸೇರಿಸಿದಳು.

ಗೋಡೆ ಪಕ್ಕದ ಕಟ್ಟೆಯ ಮೇಲೆ ಫಾರ್ಮಿಟ್ಟು ಅವಳು ನಿಂತೇ ಬರೆಯತೊಡಗಿದಳು.

“ಅಭ್ಯಾಸ ಬಲ ಕಣೇ. ಕೈ ತಾನಾಗೇ ಬರೀತು,” ಎಂದ ಅವನು.

“ಬರೆದಾದ್ಮೇಲೆ ಒಂದ್ಸಲನೂ ನೋಡ್ಲಿಲ್ವಾ?”

ನೋಡಿದ್ದ. ಕೈ ಬರೆದದ್ದು ಅಭ್ಯಾಸವೇ ಇರಬಹುದು, ಆದರೆ ಅಂದು ಬೆಳಿಗ್ಗೆ ಕವರಿಗೆ ಹಾಕುವಾಗ ಕಣ್ಣಿಗೆ ಬಿದ್ದಿತ್ತು. ಹೊಡೆದುಹಾಕಿ ತಿದ್ದಲು ಎರಡು ನಿಮಿಷ ಸಾಕಿತ್ತು. ಅವಳ ಹೆಸರಿನ ಕೆಳಗೆ ಕೂರುವ ಬದಲು ಇಬ್ಬರೂ ವಾಪಸ್ ಹೋದರೆ ಹೋಗಲಿ ಎನಿಸಿ ಕವರಿಗೆ ಅಂಟು ಹಚ್ಚಿದ್ದ.

“ನೋಡ್ದೆ,” ಎಂದ. “ಬೆಳಿಗ್ಗೆ ನೋಡ್ದೆ. ತಿದ್ದೋಕೆ ಮನಸ್ಸು ಬರ್ಲಿಲ್ಲ.”

ಅವಳ ಪೆನ್ನು ನಿಂತಿತು. ಬೈಯುತ್ತಾಳೆಂದು ಕಾದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಕೊನೇ ಹಾಳೆ ನಿಮ್ದು,” ಎಂದಳು. “ಇಷ್ಟ ಇದ್ರೆ ಸಹಿ ಹಾಕಿ. ಇಲ್ದಿದ್ರೆ ಅದನ್ನ ಕಿತ್ತು ನನ್ನದೊಂದೇ ಕೊಟ್ಟು ಬರ್ತೀನಿ. ನಾನಂತೂ ಊರಿಗೆ ವಾಪಸ್ ಹೋಗಲ್ಲ.”

ಅವಳಿಲ್ಲದೆ ವಿಮಾನ ಹತ್ತುವ ಯೋಚನೆ ಅವನ ತಲೆಯಲ್ಲಿ ಒಂದು ಸಲವೂ ಸುಳಿದಿರಲಿಲ್ಲ. ಪೆನ್ನು ಇಸಿದುಕೊಂಡು ಸಹಿ ಹಾಕಿದ. ಹಾಕುವಾಗಲೂ ಮೇಲಿದ್ದ ಅವಳ ದುಂಡಗಿನ ಸಹಿ ಕಣ್ಣು ಕುಕ್ಕಿತು. ಅಷ್ಟು ಬೇಗ ಹೋಗುವಂಥದ್ದಲ್ಲ ಆ ಹೊಟ್ಟೆಕಿಚ್ಚು.

ಕೌಂಟರಿನಲ್ಲಿ ಗುಮಾಸ್ತೆ ಈ ಸಲ ಅವಳ ಕಡೆಗಷ್ಟೇ ನೋಡಿ, ಎಲ್ಲರಿಗೂ ಕೇಳುವ ಮಾಮೂಲಿ ಪ್ರಶ್ನೆ ಕೇಳಿದಳು: ಇವರನ್ನು ನಿಮ್ಮ ಅವಲಂಬಿತರಾಗಿ ಇರಿಸಿಕೊಳ್ಳಲು ನಿಮಗೆ ಒಪ್ಪಿಗೆಯೇ?

ಹಿಂದೆ ಮೂರು ಸಲ ಅದೇ ಪ್ರಶ್ನೆಯನ್ನು ಅವನಿಗೆ ಕೇಳಿದ್ದರು. ಮೂರು ಸಲವೂ ಮೊಬೈಲು ನೋಡುತ್ತಲೇ ಹೂಂ ಎಂದಿದ್ದ. ಅವಳು ಹಾಗೆ ಮಾಡಲಿಲ್ಲ. ಪೂರ್ತಿ ಅವನ ಕಡೆ ತಿರುಗಿ, ಮುಖವನ್ನೇ ನೋಡುತ್ತ ನಿಂತಳು. ಗುಮಾಸ್ತೆ ಪ್ರಶ್ನೆಯನ್ನು ಎರಡನೇ ಸಲ ಕೇಳಬೇಕಾಯಿತು.