ಮೇಜಿನ ಆಚೆ ಬದಿ

ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೋಣೆಯ ಪಕ್ಕದಲ್ಲಿ ನಮ್ಮ ದೊಡ್ಡಮ್ಮ ಇಪ್ಪತ್ತೆರಡು ವರ್ಷಗಳಿಂದ ದೊಡ್ಡವರಿಗೆ ಓದು ಕಲಿಸುತ್ತಿದ್ದಳು. ಊಟದ ಬಿಡುವಿನ ಅರ್ಧ ಗಂಟೆ, ಒಂದು ಮೇಜು, ಒಂದೇ ಪುಸ್ತಕ, ಬರೆಯಲು ಸ್ಲೇಟು. ಆವಿಗೆ ಗೋಡೆ ಸದಾ ಬೆವರುತ್ತಿತ್ತು, ಸೀಮೆಸುಣ್ಣ ಹತ್ತುತ್ತಿರಲಿಲ್ಲ. ಹಾಗಾಗಿ ಕರಿಹಲಗೆಯ ಗೊಡವೆಯೇ ಇಲ್ಲ. ಪುಸ್ತಕವನ್ನು ತನ್ನ ಮುಂದೆ ಬಿಡಿಸಿಟ್ಟು ಸಾಲಿನ ಕೆಳಗೆ ಬೆರಳಾಡಿಸುವಳು. ಉಳಿದವರು ಅವಳ ಎಡಬಲಕ್ಕೆ ಒತ್ತಿಕೊಂಡು ಕೂರುವರು. ಮಾಲಿ, ಆಯಾ, ಗೇಟಿನ ಕಾವಲುಗಾರ, ಎಷ್ಟು ಜನ ಆ ಬೆರಳು ಹಿಡಿದು ದಾಟಿದರೋ! ಹಾಜರಿ ಬರೆಯುವ ನೆಪದಲ್ಲಿ ನಾನು ಆ ಬೆರಳನ್ನೇ ನೋಡುತ್ತಿದ್ದೆ.

ಎಲ್ಲರಿಗಿಂತ ಕೊನೆಗೆ ಬರುವವಳು ಸೋಪಕ್ಕ. ಯಂತ್ರ ಖಾಲಿ ಮಾಡಿ ಬರುವ ಹೊತ್ತಿಗೆ ಎದುರುಗಡೆಯ ಸ್ಟೂಲೊಂದೇ ಉಳಿದಿರುತ್ತಿತ್ತು. ಬಟ್ಟೆ ಒಗೆಯುವ ಸೋಡಾದ ನೀರಿಗೆ ಅವಳ ಅಂಗೈ ಬಿರಿದು ಹೋಗಿತ್ತು. ಇನ್ನು ನೀರು ಮುಟ್ಟಲೇಬಾರದು ಎಂದಿದ್ದರು ಡಾಕ್ಟರು. ಬಟ್ಟೆ ಉಗ್ರಾಣದಲ್ಲಿ ಒಂದು ಜಾಗವಿತ್ತು. ಓದಲು ಬಂದರೆ ಅಲ್ಲಿಗೆ, ಬರದಿದ್ದರೆ ಮನೆಗೆ.

ಪರೀಕ್ಷೆಗೆ ಸೂಪರ್‌ವೈಸರೇ ಬಂದ. ದೊಡ್ಡಮ್ಮನ ಕುರ್ಚಿಯಲ್ಲಿ ಕೂತು, ಒಂದು ಪಟ್ಟಿಯನ್ನು ಎದುರಿನ ಸ್ಟೂಲಿನಲ್ಲಿದ್ದ ಸೋಪಕ್ಕನ ಕೈಗೆ ಕೊಟ್ಟ.

"ಓದಮ್ಮ."

ಸೋಪಕ್ಕ ನೋಡಿದಳು. ನೋಡುತ್ತಲೇ ಇದ್ದಳು.

"ಇದು... ಬೇರೆ ಥರ ಇದೆ ಸಾರ್."

"ಬೇರೆ ಥರ ಅಂದ್ರೆ? ನಮ್ಮ ಭಾಷೇನೇ ಅಲ್ವಾ? ಒಂದು ವರ್ಷ ಇಲ್ಲಿ ಟೀ ಕುಡ್ಕೊಂಡು ಕೂತಿದ್ರಾ?"

ದೊಡ್ಡಮ್ಮನ ಮುಖ ಇಳಿದುಹೋಯಿತು. ಅವನು ಪಟ್ಟಿಯನ್ನು ಕಿತ್ತುಕೊಂಡು ತನ್ನ ಮುಂದಿಟ್ಟು, ಅದರ ಮೂಲೆಯಲ್ಲಿ ಬರೆದಿದ್ದ ಸೋಪಕ್ಕನ ಹೆಸರು ಹೊಡೆದುಹಾಕಲು ಪೆನ್ನು ತೆಗೆದ.

"ಹೊದಿಕೆ ನಲವತ್ತು," ಎಂದಳು ಸೋಪಕ್ಕ ಮೆಲ್ಲಗೆ. "ದಿಂಬಿನ ಕವರ್ ಅರವತ್ತು. ಆಪರೇಷನ್ ಕೋಣೆಯ ಹಸಿರು ಬಟ್ಟೆ ಹದಿನೆಂಟು, ಅದರಲ್ಲಿ ಹರಿದದ್ದು ಮೂರು..."

ಸೂಪರ್‌ವೈಸರ್ ಬೆಚ್ಚಿ ಹಿಂದೆ ನೋಡಿದ. "ಯಾರ್ರೀ ಹೇಳ್ಕೊಡ್ತಿರೋದು?"

ಯಾರೂ ಇರಲಿಲ್ಲ. ಅವನು ಪಟ್ಟಿಯ ಮೇಲೆ ಅಂಗೈ ಮುಚ್ಚಿದ. ಬೆರಳಿನ ಸಂದಿಯಲ್ಲಿ ಕಂಡದ್ದನ್ನೂ ಅವಳು ಓದಿದಳು.

ಕೊಳದ ನೀರಿನೊಳಗೆ ತಲೆಕೆಳಗಾದ ಊರೊಂದಿದೆ, ಅಲ್ಲಿಯವರಿಗೆ ನಾವೇ ತಲೆಕೆಳಗು ಎಂದು ಅಜ್ಜಿ ಕತೆ ಹೇಳುತ್ತಿದ್ದಳು. ಆ ಊರಿನವಳೊಬ್ಬಳು ನನ್ನೆದುರಿಗೇ ಕೂತಿದ್ದಳು.

"ಅಯ್ಯೋ, ಎದುರುಗಡೆಯಿಂದ ತಲೆಕೆಳಗಾಗೇ ಕಲ್ತಿದೀಯಲ್ಲೇ!" ದೊಡ್ಡಮ್ಮ ಹಣೆ ಚಚ್ಚಿಕೊಂಡಳು. "ಮತ್ತೆ ಸ್ಲೇಟು? ನೀನು ಬರೆದದ್ದು ನಂಗೆ ಯಾವತ್ತೂ ನೆಟ್ಟಗೇ ಕಾಣ್ತಿತ್ತಲ್ಲ!"

"ನೀವು ಬರೆದದ್ದು ನಂಗೆ ಹ್ಯಾಗೆ ಕಾಣ್ತಿತ್ತೋ ಹಾಗೇ ಬರೆದೆ, ಟೀಚರಮ್ಮ. ತಪ್ಪಾಯ್ತಾ?"

ಸೂಪರ್‌ವೈಸರ್ ಗಲ್ಲ ಕೆರೆದುಕೊಂಡ. "ಉಗ್ರಾಣದ ಕಿಟಕಿಯಾಚೆ ನರ್ಸುಗಳು ಚೀಟೀನ ಕಟ್ಟೆ ಮೇಲೆ ತಮ್ಮ ಕಡೆಗಿಟ್ಕೊಂಡು ನಿಂತಿರ್ತಾರೆ. ಇವಳು ಕೈಗೆ ಬರೋಕೆ ಮುಂಚೇನೇ ಓದಿಬಿಡ್ತಾಳಲ್ರೀ! ಆದ್ರೆ ಕಪಾಟಿನ ಮೇಲಿನ ಹೆಸರು?"

"ತಿರುಗಿಸಿ ಅಂಟಿಸ್ಕೋತೀನಿ ಸಾರ್. ಅಂಟು ನಂದೇ."

ಅವನು ನಕ್ಕುಬಿಟ್ಟ. "ಸೋಮವಾರ ಬಾ. ಆದ್ರೆ ನೆಟ್ಟಗೆ ಓದೋದನ್ನೂ ಬೇಗ ಕಲೀಬೇಕು."

ಅವನು ಹೋದ ಮೇಲೆ ದೊಡ್ಡಮ್ಮ ತನ್ನ ಕುರ್ಚಿಯತ್ತ ಹೋಗಲಿಲ್ಲ. ಮೇಜನ್ನು ಬಳಸಿ ಬಂದು ಸೋಪಕ್ಕನ ಪಕ್ಕ ಕೂತಳು. ಆಚೆ ಬಿಡಿಸಿಟ್ಟಿದ್ದ ಪುಸ್ತಕವನ್ನು ಬಗ್ಗಿ ನೋಡಿದಳು, ಕಣ್ಣು ಕಿರಿದು ಮಾಡಿದಳು.

"ಇಲ್ಲಿಂದ ನಂಗೆ ಒಂದು ಸಾಲೂ ಸಲೀಸಾಗಿ ಹೋಗ್ತಿಲ್ಲ ಕಣೇ. ನಾಳೆಯಿಂದ ನಿಂಗೆ ನಾನು ಹೇಳ್ಕೊಡ್ತೀನಿ. ಇವತ್ತು ನೀನು ಹೇಳ್ಕೊಡು."

ಸೋಪಕ್ಕ ಬಿರಿದ ಬೆರಳನ್ನು ಸೀರೆಗೆ ಒರೆಸಿಕೊಂಡು, ಕೈ ಚಾಚಿ, ಮೊದಲ ಅಕ್ಷರದ ಮೇಲಿಟ್ಟಳು.