ಬಾಗಿಲು ಹಾಕಿಕೊಂಡು ಹೇಳಿದ ಮಾತು

ಸೋಫಾ ಹೊಲಿಯುವ ಆ ಕಾರ್ಖಾನೆಯ ಮೇಸ್ತ್ರಿ ಕಡ್ಡಿ ಮುರಿದಂತೆ ಮಾತಾಡುವವನು ಎಂದೇ ಹೆಸರಾಗಿದ್ದ. ಹಾಗೆ ಯಾರಾದರೂ ಅಂದರೆ ಅವನ ಎದೆ ಉಬ್ಬುತ್ತಿತ್ತು. "ನಂದೇನಿದ್ರೂ ನೇರ. ಬೆಣ್ಣೆ ಹಚ್ಚೋಕೆ ಬರಲ್ಲ" ಎನ್ನುತ್ತಿದ್ದ.

ಅಲ್ಲೇ ಅತ್ತಿಗೆ ನಾದಿನಿ ಇಬ್ಬರು ಹೊಲಿಗೆ ಕೆಲಸದಲ್ಲಿದ್ದರು. ಅತ್ತಿಗೆ ಮೇಸ್ತ್ರಿಯ ಆ ಮಾತನ್ನು ನಂಬಿದ್ದಳು. ತಾನೇ ಕರೆತಂದು ಸೇರಿಸಿದ ನಾದಿನಿ ಊಟದ ಹೊತ್ತಿನಲ್ಲಿ ಕಣ್ಣೊರೆಸಿಕೊಂಡಾಗಲೆಲ್ಲ, "ಬಾಯಿ ಒರಟು ಕಣೇ, ಮನಸ್ಸು ಚಿನ್ನ" ಎಂದು ಸಮಾಧಾನ ಹೇಳುತ್ತಿದ್ದಳು. ಕಳೆದ ವಾರ ನಾದಿನಿ ಒಂದು ದಿಂಬಿಗೆ ಮಖಮಲ್ಲನ್ನು ತಲೆಕೆಳಗಾಗಿ ಹೊಲಿದಿದ್ದಳು. ಮಖಮಲ್ಲಿನ ನವಿರು, ಅಂದರೆ ಮೇಲಿನ ಎಳೆಗೂದಲು, ಕೆಳಮುಖವಾಗಿರಬೇಕು, ಇಲ್ಲದಿದ್ದರೆ ಒಂದೇ ಬಟ್ಟೆ ಎರಡು ಬಣ್ಣವಾಗಿ ಕಾಣುತ್ತದೆ. ಮೇಸ್ತ್ರಿ ಎಲ್ಲರ ಮಿಷನ್ನುಗಳನ್ನೂ ನಿಲ್ಲಿಸಿ, ದಿಂಬನ್ನು ಎತ್ತಿ ಹಿಡಿದು, "ನೋಡ್ರಪ್ಪಾ, ಕಣ್ಣು ಬಾಡಿಗೆಗೆ ಕೊಟ್ಟು ಬಂದಿದ್ದಾಳೆ" ಎಂದಿದ್ದ. ನಗುವವರು ನಕ್ಕರು. ಹೊಲಿಗೆಯೆಂದರೆ ಪ್ರಾಣ ಬಿಡುತ್ತಿದ್ದ ಹುಡುಗಿ, ಈ ಶನಿವಾರಕ್ಕೆ ಕೆಲಸ ಬಿಡುತ್ತೇನೆ ಎಂದುಬಿಟ್ಟಳು.

ಆ ಶನಿವಾರವೇ, ಕೆಲಸ ಕಲಿಯಲು ಬಂದಿದ್ದ ಮಾಲೀಕರ ಅಳಿಯ ಅದೇ ತಪ್ಪು ಮಾಡಿದ. ಅದೂ ಒಂದು ದಿಂಬಿಗಲ್ಲ, ಇಡೀ ಸೋಫಾಕ್ಕೆ. ಅತ್ತಿಗೆ ದಾರ ತರಲು ಹೋದಾಗ ಆಫೀಸು ಕೋಣೆಯ ಬಾಗಿಲು ಹಾಕಿತ್ತು. ಒಳಗಿಂದ ಮೇಸ್ತ್ರಿಯ ದನಿ ಹಾಲಿಗೆ ಸಕ್ಕರೆ ಹಾಕಿದ ಹಾಗೆ ಬರುತ್ತಿತ್ತು: "ಸರ್, ಹೊಲಿಗೆ ತುಂಬಾ ನೀಟಾಗಿದೆ. ನವಿರು ಒಂಚೂರು ತಿರುಗಿದೆ, ಅಷ್ಟೆ. ಒಟ್ಟಿಗೆ ಬಿಚ್ಚಿ ಸರಿ ಮಾಡೋಣ್ವಾ?"

ಅತ್ತಿಗೆಗೆ ಮೈಯೆಲ್ಲ ಉರಿದುಹೋಯಿತು. ಬರಲ್ಲ ಅನ್ನುತ್ತಿದ್ದನಲ್ಲ, ಈ ಮನುಷ್ಯನಿಗೆ ಎಲ್ಲವೂ ಬರುತ್ತದೆ. ಮರ್ಯಾದೆ ಕೊಡಲು ಬರುತ್ತದೆ, ಬಾಗಿಲು ಹಾಕಲು ಬರುತ್ತದೆ, ಯಾರಿಗೆ ಹಾಕಬೇಕು ಯಾರಿಗೆ ಹಾಕಬಾರದು ಎಂಬ ಲೆಕ್ಕವಂತೂ ಚೆನ್ನಾಗಿಯೇ ಬರುತ್ತದೆ. ಇವನ ನೇರ ಮಾತೆಲ್ಲ ತನಗಿಂತ ಕೆಳಗಿನವರಿಗೆ. ಇಂಥವನನ್ನು ಚಿನ್ನ ಎಂದೆನಲ್ಲ ಎಂದು ಹಲ್ಲು ಕಡಿದಳು.

ಅಳಿಯ ಆಚೆ ಹೋದದ್ದೇ ತಡ, ಕೆಲಸ ಹೋದರೆ ಹೋಗಲಿ ಎಂದುಕೊಂಡು, ನಾದಿನಿಯ ಕೈ ಹಿಡಿದು ಒಳಗೆ ಕರೆತಂದಳು. ಬಾಗಿಲು ಹಾಕಿದಳು.

"ಮೇಸ್ತ್ರಿ, ಈಗ ಅವರಿಗೆ ಹೇಳಿದ್ರಲ್ಲ, ಅದನ್ನೇ ಇವಳಿಗೂ ಹೇಳಿ. ಅದೇ ಬಟ್ಟೆ, ಅದೇ ತಪ್ಪು."

"ಅವರು ಮಾಲೀಕರ ಅಳಿಯ ಕಣಮ್ಮಾ..."

"ಗೊತ್ತು. ಹೇಳಿ."

ಮೇಸ್ತ್ರಿ ಬಾಯಿ ತೆರೆದ. "ನಿನ್ನ ಹೊಲಿಗೆ... ಅದು ಹೊಲಿಗೆ..." ಎಂದು ತಡವರಿಸಿದ. ಬೈಗುಳವಾಗಿದ್ದರೆ ಸರಾಗವಾಗಿ ಬರುತ್ತಿತ್ತು.

ಇಷ್ಟು ದಿನ ಅವನೆದುರು ತಲೆಯೆತ್ತದ ನಾದಿನಿ ಸ್ಟೂಲು ಎಳೆದುಕೊಂಡು ಕೂತಳು.

"ಮೊದಲನೇ ಸಲ ಅಲ್ವಾ ಮೇಸ್ತ್ರಿ, ನಾಲಿಗೆ ತಿರುಗೋಕೆ ಹೊತ್ತು ಹಿಡಿಯುತ್ತೆ" ಎಂದಳು. "ನಿಧಾನಕ್ಕೆ ಹೇಳಿ. ನಾನು ಕಾಯ್ತೀನಿ."