ಹೊಲಿಗೆ ಹೊರಗಿಟ್ಟ ಚೀಲ

ನಾನೊಂದು ಹಕ್ಕಿಚೀಲ. ಗದಗಿನ ಕಡೆಯ ಹಳ್ಳಿಯೊಂದರಲ್ಲಿ, ಟೇಲರ್ ದಸ್ತಗೀರಸಾಬರ ಮಷೀನಿನ ಕೆಳಗೆ, ಹಳೆಯ ಧೋತರದ ತುಂಡಿನಿಂದ ಹುಟ್ಟಿದೆ. ಒಗೆದು ಒಗೆದು ಮೋಡದ ಚೂರಿನಷ್ಟು ಮೆತ್ತಗಾಗಿದ್ದೆ.

ನನ್ನನ್ನು ಹೊಲಿಸಿದ್ದು ಮಂದಾಕಿನಿ ಮೇಡಂ. ಬೇಸಿಗೆಯಲ್ಲಿ ಕುರುಚಲು ಕಾಡಿನಲ್ಲಿ ಬಲೆ ಕಟ್ಟಿ, ಮುಂದೆ ಗುರುತು ಸಿಗಲೆಂದು ಹಕ್ಕಿಯ ಕಾಲಿಗೆ ಅಂಕಿ ಕೊರೆದ ಪುಟ್ಟ ಬಳೆ ತೊಡಿಸಿ ಹಾರಬಿಡುವುದು ಅವರ ಕೆಲಸ. ಬಳೆ ತೊಡುವವರೆಗೆ ಹಕ್ಕಿ ಚೀಲದ ಕತ್ತಲಲ್ಲಿ ಸುಮ್ಮನಿರುತ್ತದೆ.

"ಹೊಲಿಗಿ ಹೊರಗಿರ್ಲಿ ಚಾಚಾ" ಎಂದು ಹೇಳಿಹೋಗಿದ್ದರು. ಅವರು ಹೋದಮೇಲೆ ಸಾಬರು ನಕ್ಕರು. "ಓದಿದಾರು ಪಾಪ, ಉಲ್ಟಾ ಹೇಳ್ಯಾರ. ನಲವತ್ತ ವರ್ಷದಾಗ ನನ್ನ ಹೊಲಿಗಿ ಯಾರಿಗೂ ಕಂಡಿಲ್ಲ." ನನ್ನನ್ನು ತಿರುವಿ ದಾರದ ಎಳೆಗಳನ್ನೆಲ್ಲ ಒಳಗೆ ಅಡಗಿಸಿದರು. ಚೆಂದ ಕಾಣುತ್ತೇನೆಂದು ನಾನೂ ಬೀಗಿದೆ.

ಮರುದಿನ ಬೆಳಿಗ್ಗೆ ಸಾಬರೇ ನನ್ನನ್ನು ಕಾಡಿಗೆ ತಂದರು. ಆಗಲೇ ಬಲೆಗೆ ಪಿಕಳಾರವೊಂದು ಬಿದ್ದಿತ್ತು. ಅವಸರದಲ್ಲಿ ಮೇಡಂ ಹೊಲಿಗೆ ನೋಡದೆ ಅದನ್ನು ನನ್ನೊಳಗೆ ಬಿಟ್ಟರು. ಕಾವು ಕೊಡಲೆಂದು ಗರಿ ಉದುರಿದ ಅದರ ಹೊಟ್ಟೆ ಬೆಚ್ಚಗಿತ್ತು. ಮರಿಗಳನ್ನು ಬಿಟ್ಟು ಬಂದ ತಾಯಿ! ಒದ್ದಾಡಿದಷ್ಟೂ ನನ್ನ ದಾರ ಅದರ ಕಾಲಿಗೆ ಬಿಗಿಯಿತು.

ಮೇಡಂ ನನ್ನ ಬಾಯಿ ಬಿಚ್ಚಿ ನೋಡಿ ಬೆವತರು. "ಎಳೆದ್ರ ಕಾಲು ಮುರೀತದ ಚಾಚಾ! ಗೂಡಿನಾಗ ಮರಿ ಹಸಕೊಂಡು ಕುಂತಾವು!"

"ತಪ್ಪು ನಂದವ್ವಾ" ಎಂದರು ಸಾಬರು, ಸಣ್ಣ ದನಿಯಲ್ಲಿ. "ಹಕ್ಕಿ ನೀ ಹಿಡಿ. ದಾರ ನನಗ ಬಿಡು."

ಕಿಸೆಯಿಂದ ಕತ್ತರಿ ತೆಗೆದು, ಉಸಿರು ಹಿಡಿದು, ತಾವೇ ಹಾಕಿದ ಹೊಲಿಗೆಯನ್ನು ಒಂದೊಂದೇ ಬಿಚ್ಚಿದರು. ನನ್ನ ಪಕ್ಕೆ ಹರಿಯಿತು. ಹರಿಯಲಿ ಅಂದುಕೊಂಡೆ. ಕಾಲು ನೆಟ್ಟಗೆ ಹೊರಬಂತು.

"ಇವತ್ತ ಬಳಿ ಬ್ಯಾಡ, ಸಾಕಾಗೈತಿ ಇದಕ್ಕ" ಎಂದು ಮೇಡಂ ಅಂಗೈ ಬಿಚ್ಚಿದರು. ಪಿಕಳಾರ ಜಾಲಿಯ ಕೊಂಬೆಯ ಮೇಲೆ ಕುಳಿತು ಬೆರಳು ಮಡಚಿ ನೋಡಿಕೊಂಡಿತು. ಹಾರಿತು. ತುಸು ಹೊತ್ತಿಗೆ ಕೊಕ್ಕಿನಲ್ಲಿ ಹುಳ ಹಿಡಿದು ಪೊದೆಯೊಳಗೆ ನುಗ್ಗಿದ್ದನ್ನು ಮೂವರೂ ನೋಡಿದೆವು.

"ಒಂದ ಮಾತೂ ಬೈಲಿಲ್ಲ ನೋಡವ್ವಾ ಆಕಿ."

"ಆಕಿಗೆ ಪುರುಸೊತ್ತಿಲ್ಲ ಚಾಚಾ. ನಾ ಬೈತೀನಿ, ಕುಂದರ್ರಿ."

ಸಾಬರು ಅಲ್ಲೇ ನೆರಳಿನಲ್ಲಿ ಕುಳಿತು, ಎಳೆಗಳೆಲ್ಲ ಹೊರಗೆ ಕಾಣುವಂತೆ ನನ್ನನ್ನು ಮತ್ತೆ ಹೊಲಿದರು.

ಆಮೇಲೆ ಎಷ್ಟೋ ಬೇಸಿಗೆಗಳು, ಎಷ್ಟೋ ಹಕ್ಕಿಗಳು. ಈಗ ಸವೆದಿದ್ದೇನೆ. ಬೆಳಕು ತೂರುವ ಚೀಲ ಹಕ್ಕಿಗೆ ಆಗದು. ಮೇಡಂ ಕೋಣೆಯ ಮೊಳೆಗೆ ತೂಗಿಕೊಂಡು ಹಳೆಯದನ್ನು ನೆನೆಯುತ್ತೇನೆ. ಹಕ್ಕಿಯ ತೂಕ ತಿಳಿಯಲು ಮೊದಲು ಅದರೊಂದಿಗೆ ನನ್ನನ್ನು ತೂಗುತ್ತಿದ್ದರು, ಅದು ಹೋದಮೇಲೆ ಬರಿ ನನ್ನನ್ನು. ಹಾಗೆ ಖಾಲಿಯಾಗಿ ತಕ್ಕಡಿಯಲ್ಲಿ ಜೀಕುವಾಗಲೇ ನನಗೆ ಹೆಚ್ಚು ಖುಷಿ. ಒಳಗಿದ್ದದ್ದು ಆಗಲೇ ಎಲ್ಲೋ ಆಕಾಶದಲ್ಲಿ ಇರುತ್ತಿತ್ತಲ್ಲ!